ಬಲ್ಬಿಲ್ಲದ ಬ್ಯಾಟರಿ

ನನ್ನ ಕಪಾಟಿನಲ್ಲಿರುವ ಪ್ರತಿಯೊಂದು ವಸ್ತುವಿನ ಕೊರಳಿಗೂ ಒಂದು ಚೀಟಿ ಇದೆ. ಅದರಲ್ಲಿ ವಸ್ತುವಿನ ಹೆಸರು, ದೊರೆತ ಸ್ಥಳ, ದೊರೆತ ದಿನಾಂಕ ಇರುತ್ತವೆ. ಶಾಸನಗಳ ಬೆನ್ನು ಹತ್ತಿ ಆಯುಷ್ಯ ಕಳೆದವನಿಗೆ ನಿವೃತ್ತಿಯ ಮೇಲೂ ಬಿಡದ ಚಾಳಿ ಇದು. ಒಡೆದ ಮಡಕೆಯ ಚೂರಿಗೆ ಚೀಟಿ ಕಟ್ಟಿದರೆ ಜನ ಮೆಚ್ಚಿಯಾರು. ನಮ್ಮ ಮನೆಯಲ್ಲಿ ಅಡಕೊತ್ತಿಗೂ ಚೀಟಿಯುಂಟು. “ಇನ್ನ ನನಗೊಂದು ಕಟ್ಟೂದು ಉಳದೈತಿ ನೋಡ್ರಿ,” ಎಂದು ನನ್ನ ಹೆಂಡತಿ ಬಂದವರೆದುರು ಹೇಳುವುದುಂಟು. ಅದು ಉಳಿದಿರುವುದಕ್ಕೂ ಕಾರಣವಿದೆ. ನಮ್ಮ ಲಗ್ನಪತ್ರಿಕೆಯ ತಾರೀಖಿಗೂ ನನ್ನ ಮಾವನವರು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಟ್ಟ ತಾರೀಖಿಗೂ ಒಂದು ದಿನದ ವ್ಯತ್ಯಾಸವಿದೆ. ಯಾವುದು ಗ್ರಾಹ್ಯ ಎಂಬುದನ್ನು ನಾನು ಇನ್ನೂ ನಿರ್ಧರಿಸಿಲ್ಲ.

ಮೊನ್ನೆ ಕಪಾಟು ಒರೆಸುವಾಗ ಅವಳ ಕೈಗೆ ಸಿಕ್ಕಿದ್ದು ಮೂರು ಶೆಲ್ಲಿನ ಒಂದು ಉದ್ದನೆಯ ಸ್ಟೀಲಿನ ಟಾರ್ಚು. ನಮ್ಮ ಕಡೆ ಇದಕ್ಕೆ ಬ್ಯಾಟರಿ ಎನ್ನುತ್ತೇವೆ.

“ಇದಕ್ಕ ಶೆಲ್ ಇಲ್ಲ, ಬಲ್ಬ್ ಇಲ್ಲ. ಗುಂಡಿ ಒತ್ತಿದ್ರ ಟಕ್ ಅಂತೈತಿ, ಅಷ್ಟ. ಹಳೇ ಸಾಮಾನಿನಾಂವ ಓಣ್ಯಾಗ ಬಂದಾನ, ಕೊಟ್ಟ ಬಿಡ್ಲೇನು?”

“ಬೇಡ. ಅದರ ಚೀಟಿ ನೋಡು.”

“ನೋಡಿದೆ. ಹೆಸರೈತಿ, ಊರೈತಿ. ತಾರೀಖಿನ ಜಾಗಾ ಖಾಲಿ ಐತಲ್ಲ! ನಿಮ್ಮ ಕೈಯಾಗೂ ಇಂಥಾದ್ದು ಆಗ್ತೈತೇನು?”

ಆಗಿತ್ತು. ಹನ್ನೆರಡನೆಯ ಶತಮಾನದ ತಿಥಿ, ವಾರ, ನಕ್ಷತ್ರಗಳನ್ನು ಕೂಡಿಸಿ ಕಳೆದು ನಿಷ್ಕರ್ಷೆ ಮಾಡುವ ನಾನು, ನನ್ನದೇ ಕಾಲದ ಒಂದು ದಿನಕ್ಕೆ ತಾರೀಖು ಹಚ್ಚಲಾಗದೆ ಸೋತಿದ್ದೆ. ಆ ದಿನದ ಸಂಗತಿಯನ್ನು ನಿಮಗೆ ಹೇಳಬೇಕು. ಆದರೆ ಅದಕ್ಕೂ ಮೊದಲು, ಕೈಕೆಲಸದ ಶಿಕ್ಷಣವೆಂದರೆ ನನಗೇಕೆ ಭಯಮಿಶ್ರಿತ ಭಕ್ತಿ ಎಂಬುದನ್ನು ತಿಳಿಸದೆ ಮುಂದೆ ಹೋಗುವಂತಿಲ್ಲ.

ನಾನು ಬಸವನ ಬಾಗೇವಾಡಿಯಲ್ಲಿ ಕಲಿಯುವ ಕಾಲಕ್ಕೆ ಕೈಕೆಲಸವೆಂದರೆ ತಕಲಿ. ಅಂಗಳದ ಬೇವಿನ ಮರದ ಕೆಳಗೆ ಸಾಲಾಗಿ ಕೂತು ನೂಲು ತೆಗೆಯಬೇಕು. ಉಳಿದವರ ನೂಲು ಜೇಡನ ಎಳೆಯಂತೆ ಇಳಿಯುತ್ತಿತ್ತು. ನನ್ನದು ಗೇಣುದ್ದ ಇಳಿಯುವುದರೊಳಗೆ ಹರಿಯುತ್ತಿತ್ತು. ಹರಿದಲ್ಲೆಲ್ಲ ಗಂಟು ಹಾಕಿ ಮುಂದುವರಿಯುತ್ತಿದ್ದೆ. ಮಾಸ್ತರರು ಒಮ್ಮೆ ನನ್ನ ಲಡಿಯನ್ನು ಬೆರಳಲ್ಲಿ ಎತ್ತಿ, “ಲೇ, ಇದು ನೂಲೋ, ಜಪಮಾಲಿಯೋ?” ಎಂದರು. ತುಸು ಹೊತ್ತು ನನ್ನ ಕೈಗಳನ್ನೇ ಕನಿಕರದಿಂದ ನೋಡಿ, “ಇರ್ಲಿ ಬಿಡು, ನೀ ಓದಿ ಬದುಕಾಂವ,” ಎಂದು ಮುಂದಿನ ಹುಡುಗನ ಕಡೆ ನಡೆದರು. ಆ ನೂಲನ್ನು ಅವ್ವ ಕೌದಿಯ ಮೂಲೆಗಳನ್ನು ಬಿಗಿಯಲು ಬಳಸಿದಳು. ಕೌದಿ ಹರಿಯಿತು, ಆ ಗಂಟುಗಳು ಮಾತ್ರ ಹರಿಯಲಿಲ್ಲ. ನನ್ನ ಕೈಯಿಂದಾದ ಏಕಮಾತ್ರ ಗಟ್ಟಿ ಕೆಲಸವೆಂದು ಅದನ್ನು ಈಗಲೂ ಉಲ್ಲೇಖಿಸುತ್ತೇನೆ.

ಹೀಗೆ ಕೈ ಸೋತು ಕಣ್ಣಿನ ಕೆಲಸಕ್ಕೆ ಬಿದ್ದವನು ನಾನು. ತೊಂಬತ್ತರ ದಶಕದ ಒಂದು ಬೇಸಿಗೆಯ ಆರಂಭದಲ್ಲಿ ಸಿಂದಗಿಯಿಂದ ಮೋರಟಗಿಗೆ ಹೋಗುವ ಹಾದಿಯ ಒಂದು ಊರಿಗೆ ಬಂದಿಳಿದದ್ದೂ ಕಣ್ಣಿನ ಕೆಲಸಕ್ಕೇ. ಅಲ್ಲಿಯ ಹಳೆಯ ಗುಡಿಯೊಳಗೆ ಒಂದು ದಾನಶಾಸನವಿದೆ. ಅದರ ಪಾಠವೆಲ್ಲ ಹಿಂದಿನ ಭೇಟಿಯಲ್ಲೇ ಸಿದ್ಧವಾಗಿತ್ತು. ಕೊನೆಯ ಸಾಲಿನಲ್ಲಿದ್ದ ವಾರದ ಹೆಸರು ಮಾತ್ರ ಕತ್ತಲೆಗೂ ಎಣ್ಣೆಯ ಜಿಡ್ಡಿಗೂ ಸಿಕ್ಕಿ ದಕ್ಕಿರಲಿಲ್ಲ. ವಾರ ಸಿಗದೆ ತಿಥಿಯನ್ನು ತಾಳೆ ನೋಡುವಂತಿಲ್ಲ, ತಾಳೆ ನೋಡದೆ ಪ್ರಕಟಿಸುವುದು ನನ್ನ ಜಾಯಮಾನವಲ್ಲ. ಆದ್ದರಿಂದ ಹೊಸ ಬ್ಯಾಟರಿ, ಹೊಸ ಶೆಲ್ಲು, ಅದರಲ್ಲೊಂದು ಹೊಸ ಬಲ್ಬಿನೊಂದಿಗೆ ಹೋಗಿದ್ದೆ. ಅಕ್ಷರಕ್ಕೆ ಓರೆಯಾಗಿ ಬೆಳಕು ಬಿಟ್ಟರೆ ಸವೆದ ಗೆರೆಯೂ ನೆರಳು ಕಟ್ಟಿಕೊಂಡು ಏಳುತ್ತದೆ.

ಗುಡಿಗೆ ಕೀಲಿ ಹಾಕಿತ್ತು. ಕೀಲಿ ಪೂಜಾರಿಯ ಉಡಿದಾರದಲ್ಲಿತ್ತು, ಪೂಜಾರಿ ಹೊಲದಲ್ಲಿ ಜೋಳದ ರಾಶಿಯ ಮೇಲಿದ್ದ. ಗುಡಿಯ ಹಿಂದೆಯೇ ಪ್ರೌಢಶಾಲೆ. ಚೀಲ ಹೆಗಲಿಗೇರಿಸಿ ಬಿಸಿಲಲ್ಲಿ ನಿಂತಿದ್ದ ನನ್ನನ್ನು ಅಲ್ಲಿಯ ಬಿರಾದಾರ ಮಾಸ್ತರರು ಕಂಡರು. “ಬರ್ರಿ ಸರ್, ಪೂಜಾರಿ ಬರೂತನ ನಮ್ಮ ಪರೀಕ್ಷಾ ನೋಡ್ರಿ. ಚಹಾನೂ ಆಗ್ತೈತಿ,” ಎಂದು ಒಳಗೆ ಕರೆದೊಯ್ದರು.

ಪ್ರೌಢಶಾಲೆಯ ಮಕ್ಕಳು ಓದಿನ ಜೊತೆಗೆ ಒಂದು ಕಸುಬನ್ನೂ ಕಲಿಯಲೆಂದು ವೃತ್ತಿ ಶಿಕ್ಷಣದ ತರಗತಿಗಳು ನಡೆಯುತ್ತಿದ್ದ ಕಾಲವದು. ಈ ಶಾಲೆಯಲ್ಲಿ ಹುಡುಗರಿಗೆ ಮನೆಯ ವೈರಿಂಗು, ಹುಡುಗಿಯರಿಗೆ ಹೊಲಿಗೆ. ವೈರಿಂಗಿನ ಪಾಠಪುಸ್ತಕ ಬಹಳ ಘನವಾದ ಭಾಷೆಯಲ್ಲಿತ್ತು. ತಂತಿಯ ಮೇಲಿನ ಹೊದಿಕೆಗೆ ಅದರಲ್ಲಿ ‘ವಿದ್ಯುನ್ನಿರೋಧಕ ಕವಚ’ ಎಂದಿದ್ದರೆ, ಬಿರಾದಾರರು ಅದನ್ನು ‘ವೈರಿನ ಅಂಗಿ’ ಎಂದು ಕಲಿಸುತ್ತಿದ್ದರು. “ಅಂಗಿ ಹರದ ವೈರ್ ಮುಟ್ಟಬ್ಯಾಡ್ರಿ, ಅದಕ್ಕ ನಾಚಿಕಿ ಇರೂದಿಲ್ಲ, ಕಡೀತೈತಿ,” ಎಂಬ ಅವರ ಒಂದು ವಾಕ್ಯ ಪುಸ್ತಕದ ಒಂದು ಅಧ್ಯಾಯಕ್ಕೆ ಸಮನಾಗಿತ್ತು.

ಆದರೆ ವಿದ್ಯುತ್ತಿನ ಈ ತರಗತಿಗೆ ವಿದ್ಯುತ್ತೇ ಇರಲಿಲ್ಲ. ಕಂಬವಿತ್ತು, ತಂತಿಯಿತ್ತು, ಶಾಲೆಯ ಗೋಡೆಗೆ ಮೀಟರೂ ಇತ್ತು. ಕರೆಂಟು ಮಾತ್ರ ಮಕ್ಕಳು ಮನೆಗೆ ಹೋದ ಮೇಲೆ ಶಾಲೆಗೆ ಬರುತ್ತಿತ್ತು. ಅದಕ್ಕೆ ಬಿರಾದಾರರು ತಮ್ಮ ಸೈಕಲ್ಲನ್ನು ವರಾಂಡದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಗೆ ಡೈನಮೋ ತಾಗಿಸಿ, ಅದರಿಂದ ಎರಡು ತಂತಿ ಎಳೆದು ಮಕ್ಕಳ ಬೋರ್ಡಿಗೆ ಕೊಟ್ಟಿದ್ದರು. ಒಬ್ಬರು ಸೀಟಿನ ಮೇಲೆ ಕೂತು ತುಳಿದರೆ ಇನ್ನೊಬ್ಬರ ದೀಪ ಹತ್ತಬೇಕು. ‘ನಿಂತಲ್ಲೇ ಸಿಂದಗಿಗೆ ಹೋಗೋ ಸೈಕಲ್ಲು’ ಎಂದು ಊರವರು ಅದನ್ನು ಕರೆಯುತ್ತಿದ್ದರು.

ಅದಕ್ಕೊಂದು ಕಟ್ಟಳೆಯೂ ಇತ್ತು. ಯಾರ ದೀಪಕ್ಕೆ ಯಾರ ಕಾಲು ಎಂಬುದನ್ನು ಮುಖ್ಯಾಧ್ಯಾಪಕರ ಟೊಪ್ಪಿಗೆಯಲ್ಲಿ ಚೀಟಿ ಹಾಕಿ ಎತ್ತಬೇಕು, ಬಂದ ಹೆಸರನ್ನು ಬದಲಿಸುವಂತಿಲ್ಲ. ಗೆಳೆಯನೇ ಬೇಕೆಂದು ಕೇಳಬಾರದೇಕೆ ಎಂದೆ. “ಊರಾಗ ವೈರಿಂಗ್ ಮಾಡಾಂವ ಒಬ್ಬ, ಕರೆಂಟ್ ಬಿಡಾಂವ ಇನ್ನೊಬ್ಬ ಇರ್ತಾನ್ರೀ. ಅವರಿಬ್ಬರು ಬೀಗರಲ್ಲ, ಗೆಳ್ಯಾರಲ್ಲ. ಈಗಿಂದ ರೂಢಿ ಆಗ್ಲಿ,” ಎಂದರು ಬಿರಾದಾರರು.

ಮುದ್ದೇಬಿಹಾಳದಿಂದ ಪರೀಕ್ಷಕರಾಗಿ ಬಂದಿದ್ದವರು ದೇಸಾಯಿ ಮಾಸ್ತರರು. ಕಪ್ಪು ಚೌಕಟ್ಟಿನ ಕನ್ನಡಕ, ಕಡಿಮೆ ಮಾತು. ಪರೀಕ್ಷೆಯ ಕೆಲಸವೆಂದರೆ ಮಾಳಿಗೆಯ ಮೆಟ್ಟಿಲಿಗೆ ಹಾಕುವ ದೀಪದ ಜೋಡಣೆ: ಎರಡು ಗುಂಡಿ, ಒಂದು ದೀಪ. ಕೆಳಗಿನ ಗುಂಡಿಯಿಂದ ಹಚ್ಚಿ ಮೇಲಿನದರಿಂದ ಆರಿಸಬೇಕು, ಮೇಲಿನದರಿಂದ ಹಚ್ಚಿ ಕೆಳಗಿನದರಿಂದ ಆರಿಸಬೇಕು. ಆ ಊರಲ್ಲಿ ಮಾಳಿಗೆಗೆ ಮೆಟ್ಟಿಲಿದ್ದ ಮನೆ ಎಲ್ಲೋ ಒಂದೋ ಎರಡೋ, ಉಳಿದೆಡೆಯಲ್ಲೆಲ್ಲ ನಿಚ್ಚಣಿಕೆ. ಆದರೂ ಮಕ್ಕಳು ಶ್ರದ್ಧೆಯಿಂದ, ಮುಂದೆಂದೋ ಕಟ್ಟಲಿರುವ ಮೆಟ್ಟಿಲುಗಳಿಗೆ ಬೆಳಕು ಜೋಡಿಸುತ್ತಿದ್ದರು.

ಆ ಹುಡುಗರ ಸಾಲಿನಲ್ಲಿ ಒಬ್ಬಳೇ ಹುಡುಗಿ, ಶಮೀಮಾ. ಹೊಲಿಗೆ ಟೀಚರು ವರ್ಗವಾಗಿ ಹೋದಾಗ ಮುಖ್ಯಾಧ್ಯಾಪಕರು ಬೇರೆ ದಾರಿ ಕಾಣದೆ ಹುಡುಗಿಯರನ್ನೆಲ್ಲ ವೈರಿಂಗಿಗೆ ಕೂಡಿಸಿದ್ದರಂತೆ. ಉಳಿದವರು ಒಬ್ಬೊಬ್ಬರೇ ಜಾರಿಕೊಂಡರು. ಇವಳು ಮಾತ್ರ ಸ್ಕ್ರೂಡ್ರೈವರ್ ಬಿಡಲಿಲ್ಲ. ಹುಡುಗಿಯರು ತರಗತಿಗೆ ಬಂದ ಮೊದಲ ದಿನ, ಯಂಕಂಚಿಯ ಕಡೆಯ ತೋಟದ ಮನೆಯಿಂದ ಸೈಕಲ್ಲು ತುಳಿದು ಬರುತ್ತಿದ್ದ ಸಂಗಣ್ಣನೆಂಬ ಗಟ್ಟಿಮುಟ್ಟಾದ ಹುಡುಗ, “ಇವರು ಜೋಡಿಸಿದ ದೀಪ ಹತ್ತಿದ್ರ ನಾ ಮೀಸಿ ಬೋಳಿಸ್ತೇನಿ,” ಎಂದಿದ್ದನಂತೆ. “ಮೊದ್ಲ ಮೀಸಿ ಬರ್ಲಿ, ಆಮ್ಯಾಲ ಬೋಳಿಸಿಯಂತ,” ಎಂದಿದ್ದಳಂತೆ ಶಮೀಮಾ.

ವರಾಂಡದ ಕಂಬಕ್ಕೆ ಒರಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದವರು ಅವಳ ತಂದೆ ಹುಸೇನಸಾಬರು. ಸುತ್ತಲಿನ ಊರುಗಳ ಮದುವೆ, ಭಜನೆ, ಉರುಸುಗಳಿಗೆಲ್ಲ ಗ್ಯಾಸ್‌ಬತ್ತಿ ಬಾಡಿಗೆಗೆ ಕೊಡುವವರು. ಹವಾ ಹೊಡೆದು, ಮ್ಯಾಂಟಲ್ಲೆಂಬ ಬಟ್ಟೆಯ ಬಲೆಯನ್ನು ಬೆಳಗಿಸುವ ಆ ಸೀಮೆಎಣ್ಣೆಯ ದೀಪಗಳಿಗೆ ಅವರ ಮನೆತನವೇ ಆ ಸೀಮೆಯಲ್ಲಿ ಹೆಸರುವಾಸಿ. ಹತ್ತನೆಯ ತರಗತಿಗೆ ಮಗಳ ಓದು ಮುಗಿಯಿತೆಂದು ಅವರು ತೀರ್ಮಾನಿಸಿದ್ದರು. ಸಿಂದಗಿಯ ಕಾಲೇಜಿನಲ್ಲಿ ಇದೇ ವೈರಿಂಗಿನ ಮುಂದಿನ ಕೋರ್ಸಿದೆ, ಅಲ್ಲಿಗೆ ಕಳಿಸಿ ಎಂದು ಬಿರಾದಾರರು ಅವರ ಮನೆಯ ಕಟ್ಟೆಯ ಮೇಲೆ ಎಷ್ಟೋ ಸಂಜೆ ಕೂತು ಎದ್ದಿದ್ದರು. ಕಡೆಗೆ ಹುಸೇನಸಾಬರು ಒಂದು ಮಾತು ಕೊಟ್ಟಿದ್ದರು: “ಪರೀಕ್ಷಾದ ದಿನ ನಾನ ಬಂದು ನೋಡ್ತೇನಿ. ದೀಪ ಹತ್ತಿದ್ರ ಮುಂದಿನ ಮಾತು. ಹತ್ತದಿದ್ರ ಮಾತ ಇಲ್ಲ.”

ಟೊಪ್ಪಿಗೆಯೊಳಗಿಂದ ಶಮೀಮಾಳ ದೀಪಕ್ಕೆ ಬಂದ ಹೆಸರು ಸಂಗಣ್ಣನದು.

ಹುಡುಗರು ಗೊಳ್ಳೆಂದು ನಕ್ಕರು. ಶಮೀಮಾ ನಗಲಿಲ್ಲ. ಬೋರ್ಡಿನ ತಂತಿಗಳನ್ನು ಒಂದೊಂದೇ ಎಳೆದು ನೋಡಿ, ಗುಂಡಿಗಳ ಮುಂದೆ ನಿಂತು, “ತುಳಿ,” ಎಂದಳು. ಸಂಗಣ್ಣ ಸೀಟೇರಿದ. ಪಣ ಕಟ್ಟಿ ಎತ್ತಿನ ಬಂಡಿ ಓಡಿಸುವವನಂತೆ ತಲೆ ತಗ್ಗಿಸಿ ತುಳಿದ. ಡೈನಮೋ ಕೀರಿಟ್ಟಿತು. ಶಮೀಮಾ ಗುಂಡಿ ಒತ್ತಿದಳು. ಬಲ್ಬು ಹಾಲಿನಷ್ಟು ಬೆಳ್ಳಗೆ ಒಮ್ಮೆ ಹೊಳೆದು, ಟಿಣ್ ಎಂದು ಆರಿ, ಒಳಗೆ ಕಪ್ಪಾಯಿತು.

“ಹತ್ತಿತ್ರೀ ಸರ್, ಹತ್ತಿತ್ತು!” ಎಂದರು ಬಿರಾದಾರರು.

ದೇಸಾಯಿಯವರು ಕನ್ನಡಕ ತೆಗೆದು ಒರೆಸಿದರು. “ಮಿಂಚು ನೋಡೇನ್ರಿ, ದೀಪ ನೋಡಿಲ್ಲ. ಎರಡೂ ಗುಂಡಿ ಕೆಲಸ ಮಾಡೂದು ಕಾಣಬೇಕು. ಇನ್ನೊಂದು ಬಲ್ಬ್ ಹಾಕ್ರಿ.”

ಇನ್ನೊಂದು ಬಲ್ಬಿರಲಿಲ್ಲ. ಊರ ಅಂಗಡಿಯಲ್ಲಿ ಬೆಲ್ಲ, ಬೀಡಿ, ಬಳಪಗಳಿದ್ದವು, ಸೈಕಲ್ಲಿನ ಬಲ್ಬಿಗೆ ಸಿಂದಗಿಗೇ ಹೋಗಬೇಕು. ದೇಸಾಯಿಯವರಿಗೆ ಸಂಜೆಯೊಳಗೆ ಬಸ್ಸು ಹಿಡಿಯಬೇಕಿತ್ತು. ಅಷ್ಟರಲ್ಲಿ ಹುಡುಗರ ಗುಂಪಿನಿಂದ ಒಂದು ಧ್ವನಿ ಎದ್ದಿತು: “ಬೇಕಂತ ಮಾಡ್ಯಾನ್ರೀ ಇಂವ!”

ಸಂಗಣ್ಣನ ಮುಖ ಬೂದಿಯಾಯಿತು. “ಅವ್ವನಾಣಿ ಇಲ್ರೀ ಸರ್. ಛಂದ ಹತ್ಲಿ ಅಂತ ಜೋರ ತುಳದೇನ್ರೀ… ಎಲ್ಲಾರಕಿಂತ ಛಂದ ಹತ್ಲಿ ಅಂತ…” ಎಂದು ಹ್ಯಾಂಡಲ್ಲಿನ ಗಂಟೆಯನ್ನು ನೋಡತೊಡಗಿದ.

ಶಮೀಮಾ ದೇಸಾಯಿಯವರ ಕಡೆ ತಿರುಗಿ, “ಅಂವ ಬಡಾಯಿ ಹೇಳ್ತಾನ್ರೀ, ಸುಳ್ಳ ಹೇಳಂಗಿಲ್ಲ,” ಎಂದಳು. ಧ್ವನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಆರಿದ ದೀಪದ ಗುಂಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

ಹುಸೇನಸಾಬರು ಎದ್ದು ಹಿಂಬದಿಯ ಧೂಳು ಕೊಡವಿಕೊಂಡರು. ಅವರ ಮುಖದಲ್ಲಿ ಗೆಲುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಆತಲ್ಲ. ನಡಿ ಬೇಟಿ, ಮನಿಗೆ ಹೋಗೂಣು.”

ಸರಿಯಾಗಿ ಅದೇ ಹೊತ್ತಿಗೆ ಪೂಜಾರಿ ಕೀಲಿ ಅಲುಗಿಸುತ್ತ ಅಂಗಳಕ್ಕೆ ಬಂದ. “ಎಲ್ಲ್ಯದಾರ್ರಿ ಕಲ್ಲ ಓದೋ ಸಾಹೇಬ್ರು? ಲಗೂ ಬರ್ರಿ, ರಾಶಿ ಹಂಗ ಬಿಟ್ಟ ಬಂದೇನಿ.”

ನನ್ನ ಚೀಲದಲ್ಲಿ ಬ್ಯಾಟರಿಯಿತ್ತು, ಬ್ಯಾಟರಿಯಲ್ಲಿ ಬಲ್ಬಿತ್ತು. ಚೀಲದ ಬಾಯಿಯವರೆಗೆ ಹೋದ ನನ್ನ ಕೈ ಅಲ್ಲೇ ತುಸು ಹೊತ್ತು ನಿಂತಿತು. ಒಳಗೆ ಹೋಗುವ ಮುನ್ನ ಅದು ಹನ್ನೆರಡನೆಯ ಶತಮಾನವನ್ನು ದಾಟಿ ಇತ್ತ ಬರಬೇಕಾಗಿತ್ತಲ್ಲ! ಕೊನೆಗೆ ಟಾರ್ಚಿನ ಮುಖ ತಿರುವಿ ಬಲ್ಬನ್ನು ಬಿಚ್ಚಿ ಬಿರಾದಾರರ ಅಂಗೈಯಲ್ಲಿಟ್ಟೆ. ಅವರು ಅದನ್ನು ಬೋರ್ಡಿನ ಹೋಲ್ಡರಿಗೆ ತಿರುವಿದರು. ದೇವರ ದಯೆ, ಹಲ್ಲಿಗೆ ಹಲ್ಲು ಕೂಡಿತು.

“ಸಂಗಣ್ಣ, ಇದು ಮೂರು ಶೆಲ್ಲಿನ ಬಲ್ಬು. ಮೊದಲಿಂದಕ್ಕಿಂತ ನಾಜೂಕ. ಜೋರ ತುಳದಿ ಅಂದ್ರ ಇದೂ ಹೋತು, ಇದು ಹೋದ್ರ ಎಲ್ಲಾ ಹೋತು,” ಎಂದರು ಬಿರಾದಾರರು.

ಹುಡುಗ ಹೆದರಿದ. ಮೊದಲ ಸಲ ಗಾಲಿ ಹಾರುವಂತೆ ತುಳಿದವನು ಈಗ ಗಾಲಿಯೇ ತಿರುಗದಂತೆ ತುಳಿದ. ಶಮೀಮಾ ಗುಂಡಿ ಒತ್ತಿದಳು. ಬಲ್ಬಿನ ಎಳೆ ಕೆಂಡದ ಕೊನೆಯಂತೆ ಕೆಂಪಗಾಯಿತು, ಅಷ್ಟೇ. ದೇಸಾಯಿಯವರು ಮುಂದಕ್ಕೆ ಬಾಗಿದರು. ಎಳೆ ಮತ್ತೆ ಕಪ್ಪಾಗುತ್ತ ಬಂತು.

ಆಗ ಎದ್ದ ಧ್ವನಿ ಹುಸೇನಸಾಬರದು.

“ಏ ತಮ್ಮಾ, ಆರಸ್ತೀ ಏನೋ? ತುಸು ಜೋರ… ಹಾಂ… ಇನ್ನ ತುಸು.” ಅಂಗಳಕ್ಕಿಳಿದಿದ್ದವರು ಮತ್ತೆ ವರಾಂಡಕ್ಕೆ ಬಂದಿದ್ದರು. “ಹಂಗಲ್ಲ, ಒಮ್ಮೆಲೆ ಅಲ್ಲ! ಗ್ಯಾಸ್‌ಬತ್ತಿಗೆ ಹವಾ ಹೊಡದಂಗ ಹೊಡೀಬೇಕು. ಕಡಿಮಿ ಆದ್ರ ಹೊಗಿ, ಜಾಸ್ತಿ ಆದ್ರ ಮ್ಯಾಂಟಲ್ ಹರೀತೈತಿ. ದೀಪದ ಕಡೆ ನೋಡು, ಪೆಡಲ್ ಕಡೆ ನೋಡಬ್ಯಾಡ. ಹಾಂ… ಹಾಂ… ಶಾಬಾಶ್. ಇಲ್ಲೇ ಹಿಡಿ. ಇಲ್ಲೇ!”

ಅವರಿಗೇ ಅರಿವಿಲ್ಲದೆ ಅವರ ಬಲಗೈ ಗಾಳಿಯಲ್ಲಿ ಪಂಪು ಹೊಡೆಯುತ್ತಿತ್ತು. ಸಂಗಣ್ಣನ ಕಾಲು ಆ ಕೈಗೆ ಹೊಂದಿಕೊಂಡಿತು. ಬಲ್ಬು ಕೆಂಪು ಬಿಟ್ಟು ಹಳದಿಗೆ ಬಂದು, ಹಳದಿಯಿಂದ ತಿಳಿಯಾಗಿ, ಅಲ್ಲೇ ನಿಂತಿತು.

“ಆರ್ಸು,” ಎಂದರು ದೇಸಾಯಿಯವರು. ಶಮೀಮಾ ಮೇಲಿನ ಗುಂಡಿ ಒತ್ತಿದಳು, ದೀಪ ಆರಿತು. “ಹಚ್ಚು.” ಹತ್ತಿತು. “ಈಗ ಕೆಳಗಿಂದ ಆರ್ಸು.” ಆರಿತು. “ಮತ್ತ ಹಚ್ಚು.” ಹತ್ತಿತು. ಅವರು ಗುರುತು ಹಾಕಿಕೊಂಡು, “ಆತವ್ವ, ಸಾಕು,” ಎಂದರು. ಪರೀಕ್ಷೆ ಮುಗಿದ ಮೇಲೂ ಸಂಗಣ್ಣ ತುಳಿಯುತ್ತಲೇ ಇದ್ದ. ಯಾರೂ ಅವನಿಗೆ ನಿಲ್ಲಿಸೆಂದು ಹೇಳಿರಲಿಲ್ಲ.

ಹುಸೇನಸಾಬರು ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು, ಪೆಡಲ್ಲು ತುಳಿದದ್ದು ತಾವೇ ಎಂಬಂತೆ. ಮಗಳ ಕಡೆ ನೋಡಲಿಲ್ಲ. ಬೋರ್ಡಿನ ದೀಪವನ್ನೇ ನೋಡುತ್ತ ಕೇಳಿದರು:

“ಮಾಸ್ತರ, ಸಿಂದಗಿ ಬಸ್ಸು ಮುಂಜಾನೆ ಎಷ್ಟಕ್ಕ ಬರ್ತೈತ್ರಿ?”

ಬಿರಾದಾರರು ದಿನವೂ ಅದೇ ಬಸ್ಸನ್ನು ಕಾಣುವವರು. ಆದರೂ ಅವರಿಗೆ ಆ ಕ್ಷಣಕ್ಕೆ ವೇಳೆ ನೆನಪಾಗಲಿಲ್ಲ. ಶಮೀಮಾಳೇ ಹೇಳಿದಳು. ಅವಳಿಗೆ ಅದು ಬಹಳ ದಿನಗಳಿಂದ ಬಾಯಿಪಾಠವಾಗಿತ್ತೆಂದು ಕಾಣುತ್ತದೆ.

ಇನ್ನು ನನ್ನ ಬಲ್ಬಿನ ವಿಚಾರ. ಸಾಲಿನಲ್ಲಿ ಇನ್ನೂ ಹುಡುಗರು ಉಳಿದಿದ್ದರು. ಇರುವುದೊಂದೇ ಬಲ್ಬನ್ನು ನಾನು ಬಿಚ್ಚಿಕೊಂಡು ಹೋಗುವುದು ಹೇಗೆ? ಬೆಳಕಿಲ್ಲದೆ ಗುಡಿಯೊಳಗೆ ಮಾಡುವುದೇನು? ಪೂಜಾರಿ ಕೀಲಿ ಅಲುಗಿಸುತ್ತಲೇ ಇದ್ದ. ಹುಸೇನಸಾಬರು ವಿಚಾರಿಸಿ ಸಂಗತಿ ತಿಳಿದುಕೊಂಡು, “ನೀವು ಗುಡಿಗೆ ನಡೀರಿ,” ಎಂದಷ್ಟೇ ಹೇಳಿ ಹೋದರು. ಸ್ವಲ್ಪ ಹೊತ್ತಿಗೆ, ಸುಡುಬಿಸಿಲಲ್ಲಿ, ಭುಸುಗುಡುವ ಗ್ಯಾಸ್‌ಬತ್ತಿಯನ್ನು ಕೈಯಲ್ಲಿ ಹಿಡಿದು ಓಣಿಯ ನಡುವೆ ಬಂದರು. ಕಟ್ಟೆಯ ಮೇಲಿನವರು ಬಿಟ್ಟಾರೆಯೇ?

“ಹಗಲಹೊತ್ತಿನ್ಯಾಗ ಯಾರ ಮದುವಿ ಹೊಂಟೈತಿ ಹುಸೇನಸಾಬ?”

“ಕಲ್ಲಿಂದು!” ಎಂದರು ಅವರು, ನಿಲ್ಲದೆ.

ಗುಡಿಯೊಳಗೆ ಎಲ್ಲಿ ನಿಲ್ಲಲಿ ಎಂದು ಅವರು ಕೇಳಿದಾಗ ಪೂಜಾರಿ, “ವರ್ಷಾ ಶ್ರಾವಣದಾಗ ಭಜನಿಗೆ ಬತ್ತಿ ಹಿಡದು ನಿಂದ್ರತಿಯಲ್ಲ, ಅಲ್ಲೇ,” ಎಂದ. ನಾನು ದೀಪವನ್ನು ನೆಲದತ್ತ ಇಳಿಸಿ ಬದಿಗೆ ಸರಿಸಲು ಹೇಳಿದೆ. ನನ್ನ ಬ್ಯಾಟರಿಯೂ ತೋರಲಾರದಷ್ಟನ್ನು ಆ ಬೆಳಕು ತೋರಿತು. ಕೊನೆಯ ಸಾಲು ಕಲ್ಲಿನಿಂದ ಎದ್ದು ನಿಂತಿತು, ವಾರದ ಹೆಸರು ಸ್ಪಷ್ಟವಾಗಿ ಓದಲು ಬಂತು. ಕೂತಲ್ಲೇ ಲೆಕ್ಕ ಹಾಕಿ ನೋಡಿದರೆ ಆ ವಾರ ಆ ತಿಥಿಗೆ ಹೊಂದಲೇ ಇಲ್ಲ. ಬರೆಸಿದವನೋ ಕೊರೆದವನೋ ಅಂದೇ ತಪ್ಪಿದ್ದ.

“ದಾನ ಕೊಟ್ಟಿದ್ದು ಖರೇ ಐತಿಲ್ರೀ?” ಎಂದರು ಹುಸೇನಸಾಬರು, ನನ್ನ ಮುಖ ನೋಡಿ.

“ಅದು ಖರೆ.”

“ಹಂಗಾರ ಮನಸ್ಸು ಹಗೂರ ಮಾಡ್ಕೋರಿ.”

ಮರಳಿ ಬಂದಾಗ ಪರೀಕ್ಷೆ ಮುಗಿದಿತ್ತು. ಬಿರಾದಾರರು ಬಲ್ಬನ್ನು ಕಾಗದದಲ್ಲಿ ಸುತ್ತಿ ನನಗೆ ಕೊಡಲು ಬಂದರು. ಮುಂದಿನ ವರ್ಷದ ಮಕ್ಕಳಿಗೆ ಇರಲೆಂದು ಅಲ್ಲಿಯೇ ಬಿಟ್ಟೆ. ಬ್ಯಾಟರಿಗೆ ಹೊಸ ಬಲ್ಬು ಕೊಳ್ಳುವುದು ಕಷ್ಟವೇನಿರಲಿಲ್ಲ. ಆದರೆ ಅದರ ಖಾಲಿ ಬಾಯಿಯೇ ಆ ದಿನಕ್ಕೆ ನನ್ನಲ್ಲಿರುವ ಏಕೈಕ ಆಧಾರ. ಆಧಾರವನ್ನು ತಿದ್ದುವುದು ನಮ್ಮ ವೃತ್ತಿಯಲ್ಲಿ ನಿಷಿದ್ಧ.

ಆ ದಿನದ ನನ್ನ ಟಿಪ್ಪಣಿಯಲ್ಲಿ ಶಾಸನದ ತಿಥಿಯಿದೆ, ವಾರವಿದೆ, ‘ಹೊಂದದು’ ಎಂಬ ಷರಾ ಇದೆ. ನಾನು ಅಲ್ಲಿದ್ದ ತಾರೀಖು ಇಲ್ಲ. ಎಳ್ಳಮಾವಾಸ್ಯೆ ಮುಗಿದು ಜೋಳದ ರಾಶಿ ನಡೆದಿತ್ತೆಂಬುದರಿಂದ ಋತು ಸಿದ್ಧವಾಗುತ್ತದೆ, ವರ್ಷ ಸಿದ್ಧವಾಗುವುದಿಲ್ಲ. ಬಿರಾದಾರರನ್ನು ಕೇಳಿದರೆ ಒಂದು ವರ್ಷ ಹೇಳಿದರು, ಅದು ನನ್ನ ರಜೆಯ ಲೆಕ್ಕಕ್ಕೆ ಕೂಡಲಿಲ್ಲ. ಪೂಜಾರಿ, “ನಮ್ಮ ಕರಿ ಎಮ್ಮಿ ಈದ ವರ್ಷ,” ಎಂದ. ಎಮ್ಮೆಯ ಬಗ್ಗೆ ಬೇರೆ ದಾಖಲೆ ದೊರೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಇಂಡಿಯಲ್ಲಿ ಬಂಧುಗಳ ಮದುವೆಗೆ ಹೋಗಿದ್ದೆ. ಚಪ್ಪರದ ತುಂಬ ಬಣ್ಣದ ಸರದೀಪ. ಹಿಂದೆ ಜನರೇಟರಿನ ಹಗ್ಗ ಜಗ್ಗುತ್ತಿದ್ದ ಬಿಳಿಗಡ್ಡದವರು ನನ್ನನ್ನು ನೋಡಿ ಹಗ್ಗ ಬಿಟ್ಟರು. “ಕಲ್ಲಿನ ಸಾಹೇಬ್ರು! ಗುರ್ತ ಸಿಕ್ಕಿತೇನ್ರಿ? ಈಗ ನಾ ನನ್ನ ಮಗಳ ಹೆಲ್ಪರ್ ಆಗೇನ್ರಿ. ಪಗಾರ ಕೊಡೂದಿಲ್ಲ, ಬೈತಾಳ.”

ಸಿಂದಗಿಯಲ್ಲಿ ಮೋಟಾರ್ ವೈಂಡಿಂಗಿನ ಅಂಗಡಿ ಇಟ್ಟಿದ್ದ ಶಮೀಮಾ ಬೋರ್ಡಿನ ಹಿಂದಿನಿಂದ ಎದ್ದು ಬಂದಳು. ಸಂಗಣ್ಣ ಎಲ್ಲಿದ್ದಾನೆ ಎಂದು ಕೇಳಿದೆ. “ಲೈನ್‌ಮನ್ ಆಗ್ಯಾನ್ರೀ ಸರ್. ನಾ ವೈರಿಂಗ್ ಮಾಡ್ತೇನಿ, ಅಂವ ಕರೆಂಟ್ ಬಿಡ್ತಾನ. ತಗಿಯೂದೂ ಅಂವನ. ಈಗಂತೂ ಮೀಸಿ ಭರ್ಜರಿ ಬಂದಾವ್ರಿ. ಕಂಡಾಗೊಮ್ಮೆ ಕೇಳ್ತೇನಿ, ಯಾವಾಗ ಬೋಳಿಸ್ತಿ ಅಂತ.”

ಸಂದರ್ಭ ಬಿಡಬಾರದೆಂದು ನನ್ನ ಪ್ರಶ್ನೆಯನ್ನೂ ಇಟ್ಟೆ: ಆ ಪರೀಕ್ಷೆಯ ತಾರೀಖು ಯಾವುದು? ವರ್ಷವಾದರೂ ನೆನಪಿದೆಯೇ? ಅವಳು ಹೇಳುವ ವರ್ಷವನ್ನು ಅವಳ ಪ್ರಮಾಣಪತ್ರದೊಂದಿಗೆ ತಾಳೆ ನೋಡಿದರೆ ಮುಗಿಯಿತು, ಚೀಟಿ ತುಂಬುತ್ತದೆ.

ಅವಳು ಕೈಯಲ್ಲಿದ್ದ ಪ್ಲಗ್ಗನ್ನು ತಿರುಗಿಸಿದಳು.

“ತಾರೀಖು ಯಾರಿಗೆ ನೆನಪಿರ್ತೈತ್ರೀ ಸರ್. ಅವತ್ತ ನಮ್ಮಪ್ಪ ಬಸ್ಸಿನ ವ್ಯಾಳೆ ಕೇಳಿದ್ದ.”

ಪ್ರಮಾಣಪತ್ರದ ಮಾತನ್ನು ನಾನು ಎತ್ತಲಿಲ್ಲ.

ಮೊನ್ನೆ ಹೆಂಡತಿಯ ಕೈಯಿಂದ ಬ್ಯಾಟರಿಯನ್ನು ತೆಗೆದುಕೊಂಡು, ಅದರ ಕೊರಳಿನ ಚೀಟಿಯಲ್ಲಿ ಇಷ್ಟು ಕಾಲ ಖಾಲಿ ಉಳಿದಿದ್ದ ಜಾಗವನ್ನು ತುಂಬಿದೆ. ‘ದಿನಾಂಕ: ಹುಸೇನಸಾಬರು ಸಿಂದಗಿ ಬಸ್ಸಿನ ವೇಳೆ ಕೇಳಿದ ದಿನ.’ ಅವಳು ಕನ್ನಡಕ ಏರಿಸಿ ಓದಿ, ಬ್ಯಾಟರಿಯನ್ನು ಸೆರಗಿನಿಂದ ಒರೆಸಿ ಕಪಾಟಿನಲ್ಲಿ ಅದರ ಜಾಗಕ್ಕೇ ಇಟ್ಟಳು. ಓಣಿಯಲ್ಲಿ ಹಳೇ ಸಾಮಾನಿನವನು ಕೂಗುತ್ತ ಮುಂದೆ ಹೋದ.